ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ದೊಡ್ಡ ಮಕ್ಕಳು ಚಿಕ್ಕವರನ್ನು ಆಡಿಸುವ ಬಗೆ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಒಂದರಿಂದ ಏಳನೆಯ ತರಗತಿಯವರೆಗೆ 180 ಮಕ್ಕಳಿದ್ದಾರೆ. ಇಬ್ಬರು ಅತಿಥಿ ಶಿಕ್ಷಕರೂ ಸೇರಿ ನಾವು ಆರು ಜನ, ದೈಹಿಕ ಶಿಕ್ಷಕರಿಲ್ಲ. ಬಿಸಿಯೂಟ ಮುಗಿಯುತ್ತಿದ್ದಂತೆ ಆರು ಮತ್ತು ಏಳನೆಯ ತರಗತಿಯ ಹುಡುಗರು ಇಡೀ ಬಯಲನ್ನು ಕ್ರಿಕೆಟ್‌ಗೆ ಹಿಡಿದುಬಿಡುತ್ತಾರೆ, ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಮಕ್ಕಳು ಗೋಡೆಯ ಬದಿಗೆ ಕೂರುತ್ತಾರೆ. ದೊಡ್ಡ ಮಕ್ಕಳಿಂದಲೇ ಚಿಕ್ಕವರಿಗೆ ಆಟ ಆಡಿಸಬೇಕೆಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದಾಗ ಒಬ್ಬ ಪಾಲಕರು, "ನಮ್ಮ ಹುಡುಗೀನ್ನ ಓದಾಕ ಕಳಿಸೇವಿ, ಮಂದಿ ಮಕ್ಕಳ್ನ ಆಡಸಾಕ ಅಲ್ಲ" ಎಂದರು. ದೊಡ್ಡವರು ದರ್ಪ ತೋರಿಸಿದರೆ ಏನು ಮಾಡುವುದು, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು ಎಂಬ ಅಳುಕು ನನಗೂ ಇದೆ. ಇದನ್ನು ಹೇಗೆ ಆರಂಭಿಸಬೇಕು?

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ, ಮಾಡಿ. ಆದರೆ ಆರಂಭಿಸುವ ಮೊದಲು ಒಂದು ಗೆರೆಯನ್ನು ನಿಮ್ಮ ಮನಸ್ಸಿನಲ್ಲೂ ಸಹೋದ್ಯೋಗಿಗಳ ಮನಸ್ಸಿನಲ್ಲೂ ಗಟ್ಟಿಯಾಗಿ ಎಳೆದುಕೊಳ್ಳಿ: ಹನ್ನೆರಡು ವರ್ಷದ ಹುಡುಗಿಗೆ ಆಟದ ಹೊಣೆ ಕೊಡಬಹುದು, ಮಕ್ಕಳ ಹೊಣೆ ಕೊಡಬಾರದು. ಯಾವ ಆಟ, ಎಲ್ಲಿ ನಿಲ್ಲಬೇಕು, ಯಾರ ಸರದಿ, ಯಾವಾಗ ಮುಗಿಸಬೇಕು ಎಂಬುದೆಲ್ಲ ಅವಳ ಪಾಲಿನದು. ಯಾರು ಬಿದ್ದರು, ಯಾರು ಗೇಟು ದಾಟಿದರು, ಯಾರು ಯಾರಿಗೆ ಹೊಡೆದರು, ಯಾರಿಗೆ ಬುದ್ಧಿ ಹೇಳಬೇಕು ಎಂಬುದೆಲ್ಲ ಶಿಕ್ಷಕರ ಪಾಲಿನದು. ಶಿಕ್ಷಕರ ತರಬೇತಿಯ ಕೆಲಸದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಶಾಲಾ ಬಯಲುಗಳನ್ನು ವರ್ಷಗಟ್ಟಲೆ ಸುತ್ತಿರುವ ನಾನು ಈ ಪ್ರಯತ್ನ ನೆಲೆನಿಂತ ಶಾಲೆಗಳನ್ನೂ ನೋಡಿದ್ದೇನೆ, ತಿಂಗಳೊಳಗೆ ಮುರಿದುಬಿದ್ದ ಶಾಲೆಗಳನ್ನೂ ನೋಡಿದ್ದೇನೆ. ಮುರಿದುಬಿದ್ದ ಕಡೆಗಳಲ್ಲೆಲ್ಲ ಈ ಗೆರೆ ಅಳಿಸಿಹೋಗಿತ್ತು.

ನಮ್ಮ ಊರುಗಳಲ್ಲಿ ದೊಡ್ಡ ಮಕ್ಕಳು ಚಿಕ್ಕವರನ್ನು ಆಡಿಸುವುದು ಹೊಸದೇನಲ್ಲ. ಓಣಿಯ ಆಟದಲ್ಲಿ ಅಕ್ಕನ ಬೆನ್ನಿಗೆ ಬಂದ ನಾಲ್ಕು ವರ್ಷದ ತಮ್ಮನನ್ನು ಯಾರೂ ಹೊರಗೆ ನೂಕುತ್ತಿರಲಿಲ್ಲ, ಅವನು "ಆಟಕ್ಕುಂಟು, ಲೆಕ್ಕಕ್ಕಿಲ್ಲ." ಎಲ್ಲರ ಜೊತೆ ಓಡುತ್ತಾನೆ, ಕೂಗುತ್ತಾನೆ, ಆದರೆ ಅವನನ್ನು ಮುಟ್ಟಿದರೂ ಅವನು ಔಟ್ ಅಲ್ಲ. ಇಂದು ಈ ಮಾತನ್ನು ನಾವು ಯಾರನ್ನೋ ಹೀಗಳೆಯಲು ಬಳಸುತ್ತೇವೆ, ಆದರೆ ಇದರ ಹುಟ್ಟಿನಲ್ಲಿ ದೊಡ್ಡ ಅಂತಃಕರಣವಿದೆ. ಸೋಲಿನ ಭಾರ ಹೊರಲಾರದ ಮಗುವಿಗೆ ಸೋಲಿಲ್ಲದೆ ಆಟದೊಳಗೆ ಇರಲು ಮಕ್ಕಳೇ ಕಂಡುಕೊಂಡ ದಾರಿ ಅದು. ಓಣಿಯಲ್ಲಿ ಅಷ್ಟು ಸಾಕು. ಶಾಲೆಯಲ್ಲಿ ಸಾಲದು, ಏಕೆಂದರೆ ಅಲ್ಲಿ ಒಂದು, ಎರಡು, ಮೂರನೆಯ ತರಗತಿಗಳ ಎಪ್ಪತ್ತೆಂಬತ್ತು ಮಕ್ಕಳು ಒಟ್ಟಿಗೆ ಲೆಕ್ಕಕ್ಕಿಲ್ಲದವರಾಗಿ ಗೋಡೆ ಸೇರುತ್ತಾರೆ. ಅವರನ್ನು ಲೆಕ್ಕಕ್ಕೆ ತರುವ ಆಟ ಬೇರೆಯೇ ಬೇಕು. ಅದನ್ನು ನಡೆಸುವವರು ಅವರಿಗಿಂತ ತೀರ ದೂರದವರಾಗಿರಬಾರದು. ಸೋವಿಯತ್ ಮನೋವಿಜ್ಞಾನಿ ವೈಗೋಟ್‌ಸ್ಕಿ (1896–1934) ಹೇಳಿದ್ದೂ ಇದನ್ನೇ: ಮಗು ಒಂಟಿಯಾಗಿ ಮಾಡಲಾಗದ ಕೆಲಸವನ್ನು ತನಗಿಂತ ತುಸು ಮುಂದಿರುವವರ ಜೊತೆಯಲ್ಲಿ ಮಾಡಬಲ್ಲದು. ಆರು ವರ್ಷದ ಮಗುವಿಗೆ ಐವತ್ತು ವರ್ಷದ ಮಾಸ್ತರರು ಬಹಳ ಮುಂದಿದ್ದಾರೆ, ಏಳನೆಯ ತರಗತಿಯ ಅಕ್ಕ ತುಸುವೇ ಮುಂದಿದ್ದಾಳೆ.

ಈ ಸೀಮೆಯ ಶಾಲಾ ಚರಿತ್ರೆಯಲ್ಲೇ ಇದಕ್ಕೆ ದಾಖಲೆಯಿದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ವಿವರವಾದ ವರದಿಯೊಂದನ್ನು ಕಳಿಸಿದರು. ಈಗಿನದಕ್ಕಿಂತ ಬಹಳ ದೊಡ್ಡದಾಗಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರೆಂದೂ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುತ್ತಿದ್ದರೆಂದೂ, ಹಾಗೆ ಕಲಿಸುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರೆಂದೂ ಅವರು ಮೆಚ್ಚಿ ಬರೆದಿದ್ದಾರೆ. ಇಂಗ್ಲೆಂಡಿನವರು ಈ ಪದ್ಧತಿಯನ್ನು ಅನುಕರಿಸಿದ್ದು ತಕ್ಕದ್ದೇ ಎಂದೂ ಹೇಳಿದ್ದಾರೆ. ಅನುಕರಣೆ ನಡೆದದ್ದು ನಿಜ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಈ ನೆಲದ ಪದ್ಧತಿಯನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿಕೊಂಡು, 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಬರೆದು ಪ್ರಕಟಿಸಿದ್ದ.

ಕ್ಯಾಂಪ್‌ಬೆಲ್‌ರ ವರದಿಯಲ್ಲಿ ನಿಮಗೆ ಬೇಕಾದ ಸಂಗತಿಗಳು ಎರಡಿವೆ. ಮೊದಲನೆಯದು, ಹುಡುಗರು ಕಲಿಸುತ್ತಿದ್ದಾಗಲೂ ಮೇಷ್ಟ್ರ ಕಣ್ಣು ಇಡೀ ಶಾಲೆಯ ಮೇಲೆ ಇರುತ್ತಿತ್ತು ಎಂಬುದು. ಎರಡನೆಯದು ಅದೇ ಶಾಲೆಗಳ ಇನ್ನೊಂದು ಮುಖ: ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಅಂಗೈಯಲ್ಲಿ ಸೊನ್ನೆ; ಮೂರನೆಯವನಿಂದ ಹಿಡಿದು ತಡವಾಗಿ ಬಂದಷ್ಟೂ ಏಟುಗಳು ಏರುತ್ತ ಹೋಗುತ್ತಿದ್ದವು. ದೊಡ್ಡವರು ಚಿಕ್ಕವರಿಗೆ ಕಲಿಸುವ ಸುಂದರ ಪದ್ಧತಿಯ ಪಕ್ಕದಲ್ಲೇ ಬೆತ್ತವೂ ಇತ್ತು. ಎರಡು ನೂರು ವರ್ಷಗಳಲ್ಲಿ ಮೊದಲನೆಯದನ್ನು ನಾವು ಮರೆತೆವು, ಎರಡನೆಯದು ಮಾತ್ರ ಹೇಗೋ ಉಳಿದುಕೊಂಡು ಬಂತು. ಅದಕ್ಕೇ ಯಾವುದೇ ಮಗುವಿನ ಕೈಗೆ ಅಧಿಕಾರದ ಗುರುತು ಕೊಡುವ ಮೊದಲು ಎಚ್ಚರದಿಂದಿರಬೇಕು.

ಈ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ರಾಯಚೂರು ಜಿಲ್ಲೆಯ ಒಂದು ಶಾಲೆಯಲ್ಲಿ, ಬಹಳ ವರ್ಷಗಳ ಹಿಂದೆ, ಏಳನೆಯ ತರಗತಿಯ ಎಂಟು ಮಕ್ಕಳನ್ನು ನಾನೇ ಆರಿಸಿ, ಪ್ರಾರ್ಥನೆಯ ಸಮಯದಲ್ಲಿ ಎಲ್ಲರೆದುರು ನಿಲ್ಲಿಸಿ, ಎದೆಗೆ ಬ್ಯಾಡ್ಜು ಹಚ್ಚಿ, ಕೊರಳಿಗೆ ಸೀಟಿ ಹಾಕಿದೆ. ಹತ್ತು ದಿನ ಬಿಟ್ಟು ಹೋದಾಗ ಕಂಡದ್ದೇನು? ಎರಡನೆಯ ತರಗತಿಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು, ಒಬ್ಬ ಹುಡುಗ ಸೀಟಿ ಊದುತ್ತ "ಸೀದಾ ನಿಲ್ರಿ" ಎಂದು ಕೂಗುತ್ತಿದ್ದ, ಇನ್ನೊಬ್ಬನ ಕೈಯಲ್ಲಿ ಬೇವಿನ ಬರಲಿತ್ತು. ಆಟವೇ ನಡೆಯುತ್ತಿರಲಿಲ್ಲ. ಆ ಹುಡುಗರು ಕೆಟ್ಟವರಾಗಿರಲಿಲ್ಲ. ಬ್ಯಾಡ್ಜು ಮತ್ತು ಸೀಟಿ ಇರುವವರು ಏನು ಮಾಡುತ್ತಾರೆಂದು ಅವರು ನಮ್ಮನ್ನು ನೋಡಿಯೇ ಕಲಿತಿದ್ದರು. ಅಂದಿನಿಂದ ನಾನು ಯಾವ ಶಾಲೆಯಲ್ಲೂ "ನಾಯಕ" ಎಂಬ ಪದವನ್ನು ಬಳಸಿಲ್ಲ. ಆಟದ ಅಕ್ಕ, ಆಟದ ಅಣ್ಣ ಎನ್ನುತ್ತೇನೆ. ಚಿಕ್ಕವರು ಹೇಗೂ ಅಕ್ಕ, ಅಣ್ಣ ಎಂದೇ ಕರೆಯುತ್ತಾರೆ. ಆ ಸಂಬಂಧದಲ್ಲಿ ಸಲಿಗೆಯೂ ಇದೆ, ಹೊಣೆಯ ಅರಿವೂ ಇದೆ. ಸೀಟಿಯ ಬದಲು ಚಪ್ಪಾಳೆ: ಅಕ್ಕ ಮೂರು ತಟ್ಟಿದರೆ ಮಕ್ಕಳೂ ಮೂರು ತಟ್ಟಿ ನಿಲ್ಲುತ್ತಾರೆ. ಗುರುತು ಬೇಕೇ ಬೇಕೆಂದರೆ ತೋಳಿಗೊಂದು ಬಣ್ಣದ ಬಟ್ಟೆ ಸಾಕು, ಅದೂ ಆಟ ಮುಗಿದೊಡನೆ ಪೆಟ್ಟಿಗೆಗೆ ಮರಳಬೇಕು. ನಿಮ್ಮ ಶಾಲಾ ಸಂಸತ್ತಿನಲ್ಲಿ ಕ್ರೀಡಾಮಂತ್ರಿ ಇರಬಹುದು. ಅವನಿಗೆ ಸಾಮಾನುಗಳ ಲೆಕ್ಕ ಒಪ್ಪಿಸಿ, ಈ ಕೆಲಸವನ್ನು ಅವನ ಕೈಕೆಳಗೆ ತರಬೇಡಿ.

ಆರಿಸುವಾಗ ಓಟದಲ್ಲಿ ಮೊದಲು ಬರುವವರನ್ನೂ ಪರೀಕ್ಷೆಯಲ್ಲಿ ಮೊದಲು ಬರುವವರನ್ನೂ ಮಾತ್ರ ಹಿಡಿದುಕೊಂಡರೆ ತಪ್ಪಾಗುತ್ತದೆ. ಬರುತ್ತೇನೆಂದು ತಾವಾಗಿ ಹೇಳಿದವರೇ ಬರಲಿ, ಯಾವಾಗ ಬೇಕಾದರೂ ಬಿಡಬಹುದೆಂದು ಅವರಿಗೆ ಗೊತ್ತಿರಲಿ. ಪೆಟ್ಟು ಗಟ್ಟಿ, ಮಾತು ಕಡಿಮೆ, ತರಗತಿಯಲ್ಲಿ ಹಿಂದಿನ ಸಾಲು ಎನ್ನಿಸಿಕೊಂಡ ಹುಡುಗರು ಚಿಕ್ಕವರ ಮುಂದೆ ಎಷ್ಟು ಮೃದುವಾಗುತ್ತಾರೆಂದು ನೋಡಿದರೆ ನಿಮಗೇ ಆಶ್ಚರ್ಯವಾದೀತು. ಇಬ್ಬಿಬ್ಬರನ್ನು ಜೊತೆ ಮಾಡಿ. ಒಬ್ಬರು ಆಡಿಸುವಾಗ ಇನ್ನೊಬ್ಬರು ಅಂಚಿನಲ್ಲಿ ನಿಂತವರನ್ನು ಒಳಗೆ ಕರೆಯಲಿ. ಜೊತೆ ಕಟ್ಟುವಾಗ ಒಂದೇ ಕೇರಿಯ, ಒಂದೇ ಮನೆತನದ ಇಬ್ಬರು ಬಾರದಂತೆ ನೋಡಿಕೊಳ್ಳಿ. ಕೈ ಹಿಡಿದು ಸುತ್ತುವ ಆಟದಲ್ಲಿ ಯಾವ ಮಗು ಯಾವ ಮಗುವಿನ ಕೈ ಹಿಡಿಯಲು ಹಿಂಜರಿಯುತ್ತದೆ ಎಂಬುದು ನಮ್ಮ ಊರುಗಳಲ್ಲಿ ಇನ್ನೂ ಕಣ್ಣಿಗೆ ಬೀಳುವ ಸಂಗತಿ. ಅದಕ್ಕೆ ಭಾಷಣದಿಂದ ಪ್ರಯೋಜನವಿಲ್ಲ. ಎರಡು ಕೇರಿಗಳ ಇಬ್ಬರು ಅಕ್ಕಂದಿರು ಮೊದಲು ತಾವು ಕೈ ಹಿಡಿದು ನಿಂತು, ನಡುವೆ ಮಕ್ಕಳನ್ನು ಕೂಡಿಸಿಕೊಂಡರೆ ಸುತ್ತು ತಾನಾಗಿ ಕೂಡುತ್ತದೆ.

ಇನ್ನು ಗಂಡುಮಕ್ಕಳ ಮಾತು. ಯಾವ ಶಾಲೆಯಲ್ಲಿ ಕೇಳಿದರೂ ಶಿಕ್ಷಕರು ಮೊದಲು ಹುಡುಗಿಯರ ಹೆಸರನ್ನೇ ಹೇಳುತ್ತಾರೆ, ಚಿಕ್ಕವರನ್ನು ನೋಡಿಕೊಳ್ಳುವುದು ಅವರಿಗೆ ಬರುತ್ತದೆಂದು. ಬರುತ್ತದೆ ನಿಜ, ಏಕೆಂದರೆ ಮನೆಯಲ್ಲಿ ಆ ಕೆಲಸ ಅವರ ಮೇಲೆಯೇ ಬಿದ್ದಿದೆ. ತಂದೆ ತಾಯಿ ಬೆಂಗಳೂರಿನ ಕಡೆಗೋ ಮಂಗಳೂರಿನ ಕಡೆಗೋ ಗುಳೆ ಹೋದ ಮನೆಗಳಲ್ಲಿ ಅಜ್ಜಿಯ ಜೊತೆ ಉಳಿದ ಹನ್ನೊಂದು ವರ್ಷದ ಹುಡುಗಿ ತಮ್ಮನಿಗೆ ಉಣಿಸಿ, ತಂಗಿಗೆ ಜಡೆ ಹಾಕಿ, ನೀರು ತುಂಬಿಟ್ಟು ಶಾಲೆಗೆ ಬರುತ್ತಾಳೆ. ಅವಳಿಗೆ ಶಾಲೆಯಲ್ಲೂ ಅದೇ ಕೆಲಸವನ್ನು ಇನ್ನೊಂದು ಹೆಸರಿನಲ್ಲಿ ಕೊಟ್ಟರೆ ನಾವು ಅವಳ ಆಟವನ್ನು ಕಸಿದುಕೊಂಡಂತೆ. ಆದ್ದರಿಂದ ಗಂಡು, ಹೆಣ್ಣು ಸಮಸಂಖ್ಯೆಯಲ್ಲಿರಲಿ. ಒಬ್ಬರಿಗೆ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಸರದಿ ಬೇಡ, ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಉಳಿದ ವೇಳೆ ಅವರದೇ ಆಟಕ್ಕೆ. ನಿಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಆ ಪಾಲಕರು ಆಡಿದ ಮಾತಿನ ಹಿಂದೆ ಇದೇ ಸಂಕಟವಿರಬಹುದು ಎಂದು ನನಗೆ ಅನ್ನಿಸುತ್ತದೆ, ಅವರಿಗೆ ಉತ್ತರ ಹೇಳುವ ಮೊದಲು ಅವರ ಮಗಳ ಮನೆಯ ದಿನಚರಿಯನ್ನು ಕೇಳಿ.

ಅವರಿಗೆ ಹೇಳಬೇಕಾದ ಉತ್ತರವೂ ಇದೆ. ಅಂಕಗಳು ಏರುತ್ತವೆ ಎಂದು ಮಾತು ಕೊಡಬೇಡಿ, ಅದು ಈ ಕೆಲಸದ ಗುರಿಯಲ್ಲ. ಹತ್ತು ಮಕ್ಕಳಿಗೆ ಒಂದು ಆಟದ ನಿಯಮವನ್ನು ಅರ್ಥವಾಗುವಂತೆ ನಾಲ್ಕು ಮಾತಿನಲ್ಲಿ ಹೇಳುವುದು ಸಣ್ಣ ವಿದ್ಯೆಯಲ್ಲ. ಏಳನೆಯ ತರಗತಿಯ ಎಷ್ಟೋ ಮಕ್ಕಳು ಮೊದಲ ದಿನ ತಡವರಿಸುತ್ತಾರೆ, ತಿಂಗಳಾಗುವಷ್ಟರಲ್ಲಿ ನಿರರ್ಗಳವಾಗಿ ಹೇಳುತ್ತಾರೆ. ಹದಿಮೂರು ಮಕ್ಕಳನ್ನು ಎರಡು ಗುಂಪು ಮಾಡಿ, ಉಳಿದ ಒಬ್ಬನನ್ನು ಏನು ಮಾಡುವುದೆಂದು ಯೋಚಿಸುವುದು, ಸಿಟ್ಟು ಬಂದಾಗ ಕೈ ಎತ್ತದೆ ಇರುವುದು, ಇವನ್ನೆಲ್ಲ ಬೆಂಚಿನ ಮೇಲೆ ಕೂತು ಕಲಿಯಲಾಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಮಕ್ಕಳು ಮಕ್ಕಳಿಗೆ ಕಲಿಸುವುದನ್ನು ಒಪ್ಪುತ್ತದೆ, ಆದರೆ ಅದು ಸ್ವಇಚ್ಛೆಯಿಂದ, ಸಂತೋಷದಿಂದ, ತರಬೇತಾದ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ನಡೆಯಬೇಕೆನ್ನುತ್ತದೆ. ಈ ಮೂರು ಷರತ್ತುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಚಿಕ್ಕವರ ಪಾಲಕರಿಗೆ ಬೇರೆ ಮಾತು: 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಗೋಡೆಯ ಬದಿಗೆ ಕೂತ ಮಗುವಿಗೆ ಅದರ ಕಾಲುಭಾಗವೂ ಶಾಲೆಯಲ್ಲಿ ಸಿಗುತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಾನುಗಳೂ ಇರುವುದು ಏಳನೆಯ ತರಗತಿಯ ಹುಡುಗರಿಗಾಗಿ ಮಾತ್ರವಲ್ಲ.

ತರಬೇತಿಗೆ ಶನಿವಾರದ ಬೆಳಗಿನ ಶಾಲೆಯ ನಂತರ ಅರ್ಧ ಗಂಟೆಯಂತೆ ನಾಲ್ಕು ವಾರ ಸಾಕು. ಕಲಿಸಬೇಕಾದದ್ದು ಆಟಗಳನ್ನಲ್ಲ, ಅವು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿವೆ. ಆಡಿಸುವುದನ್ನು ಕಲಿಸಬೇಕು. ಸೂರ್ಯ ತನ್ನ ಕಣ್ಣಿಗೆ ಬೀಳುವಂತೆ ಆಡಿಸುವವಳು ನಿಲ್ಲಬೇಕು, ಮಕ್ಕಳ ಕಣ್ಣಿಗೆ ಬೀಳಬಾರದು. ಹೇಳುವುದಕ್ಕಿಂತ ಆಡಿ ತೋರಿಸುವುದು ಮೊದಲು. ಬೇಸರ ಬರುವ ಮೊದಲೇ, "ಇನ್ನೊಂದ್ಸಲ ಅಕ್ಕಾ" ಎನ್ನುತ್ತಿರುವಾಗಲೇ ಆಟ ನಿಲ್ಲಿಸಬೇಕು. ಆಡಲು ಒಲ್ಲೆ ಎಂದ ಮಗುವನ್ನು ಎಳೆಯಬಾರದು. ಅದಕ್ಕೆ ಕವಡೆ ಹಿಡಿಯುವ, ಅಂಕ ಎಣಿಸುವ ಕೆಲಸ ಕೊಟ್ಟು ಹತ್ತಿರ ಕೂರಿಸಿಕೊಳ್ಳಬೇಕು. ಕಾಲು ಊನವಾದ ಮಗುವಿಗೂ ಇದೇ ಕೆಲಸ ಕೊಟ್ಟು ಕೈತೊಳೆದುಕೊಳ್ಳಬಾರದು, ಅದಕ್ಕೆ ತಕ್ಕಂತೆ ಆಟವನ್ನೇ ಬದಲಾಯಿಸಬೇಕು. ಎಲ್ಲರೂ ಕೂತು ಚೆಂಡು ಉರುಳಿಸಿದರೆ ಯಾರ ಕಾಲೂ ಲೆಕ್ಕಕ್ಕೆ ಬರುವುದಿಲ್ಲ.

ಆಡಿಸುವುದೆಂದರೆ ಏನೆಂದು ನಾನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಸಿಂಧನೂರು ಕಡೆಯ ಒಂದು ಶಾಲೆಯಲ್ಲಿ ಕಂಡ ಹತ್ತು ನಿಮಿಷಕ್ಕೆ ಸಮವಾಗದು. ಆರನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ತರಗತಿಯ ಹತ್ತು ಮಕ್ಕಳಿಗೆ ಕೆರೆ-ದಡ ಆಡಿಸುತ್ತಿದ್ದಳು. ಬೇವಿನ ಮರದ ನೆರಳಲ್ಲಿ ಕಡ್ಡಿಯಿಂದ ಗೆರೆ ಎಳೆದಿದ್ದಳು. "ಕೆರೆ" ಎಂದರೆ ಗೆರೆಯೊಳಗೆ ಜಿಗಿಯಬೇಕು, "ದಡ" ಎಂದರೆ ಹೊರಗೆ. ತಾಂಡಾದಿಂದ ಬಂದ ಪುಟ್ಟ ಹುಡುಗಿಯೊಬ್ಬಳಿಗೆ ಕನ್ನಡ ಇನ್ನೂ ಬರುತ್ತಿರಲಿಲ್ಲ, ಮನೆಯಲ್ಲಿ ಲಂಬಾಣಿ. ಎಲ್ಲರೂ ಒಳಗೆ ಜಿಗಿದಾಗ ಅವಳು ಹೊರಗಿರುತ್ತಿದ್ದಳು, ಮಕ್ಕಳು ನಗುತ್ತಿದ್ದರು, ಅವಳ ಮುಖ ಸಣ್ಣಗಾಗುತ್ತಿತ್ತು. ಆಡಿಸುವವಳು ಆಟ ನಿಲ್ಲಿಸಲಿಲ್ಲ, ನಕ್ಕವರನ್ನು ಬೈಯಲಿಲ್ಲ. ಕೊಡದಲ್ಲಿದ್ದ ನೀರನ್ನು ಲೋಟದಲ್ಲಿ ತಂದು ಗೆರೆಯೊಳಗಿನ ಮಣ್ಣಿಗೆ ಚಿಮುಕಿಸಿ "ಕೆರೆ" ಎಂದಳು. ಒಣಮಣ್ಣನ್ನು ಮುಟ್ಟಿ "ದಡ" ಎಂದಳು. ಆ ಹುಡುಗಿಯ ಕೈ ಹಿಡಿದು, "ಹಿಂಗ ಜಿಗಿಬೇಕು ನೋಡವ್ವಾ" ಎಂದು ತಾನೂ ಅವಳ ಜೊತೆ ನಾಲ್ಕು ಸಲ ಜಿಗಿದಳು. ಐದನೆಯ ಸಲ ಕೈ ಬಿಟ್ಟಳು. ಪುಟ್ಟಿ ಒಬ್ಬಳೇ ಒದ್ದೆಮಣ್ಣಿನೊಳಗೆ ಜಿಗಿದು, ಎರಡೂ ಕೈ ಮೇಲೆತ್ತಿ "ಕೆರೆ!" ಎಂದು ಕೂಗಿದಳು. ಅದು ಅವಳು ಶಾಲೆಯಲ್ಲಿ ಗಟ್ಟಿಯಾಗಿ ಆಡಿದ ಮೊದಲ ಕನ್ನಡ ಪದವೆಂದು ನಲಿ-ಕಲಿ ಶಿಕ್ಷಕಿ ಆಮೇಲೆ ನನಗೆ ಹೇಳಿದರು. ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮಕ್ಕಳು ಒಂದೇ ತರಗತಿಯಲ್ಲಿ ಕೂಡುವ ನಮ್ಮ ಗಡಿಸೀಮೆಯ ಶಾಲೆಗಳಲ್ಲಿ ಇದು ಸಣ್ಣ ಲಾಭವಲ್ಲ. ಆ ಭಾಷೆಗಳನ್ನು ಬಲ್ಲ ದೊಡ್ಡ ಮಕ್ಕಳು ನಿಮ್ಮ ಗುಂಪಿನಲ್ಲಿ ಇದ್ದೇ ಇರುವಂತೆ ನೋಡಿಕೊಳ್ಳಿ.

ಈಗ ಆಟಗಳಿಗೆ ಬರೋಣ. ಚಿಕ್ಕವರಿಗೆ ಹಾಕುವ ಆಟದಲ್ಲಿ ಔಟ್ ಆದವರು ಹೊರಗೆ ಕೂರುವ ನಿಯಮವನ್ನು ತೆಗೆದುಹಾಕಿ. ಆ ನಿಯಮವಿದ್ದರೆ ಯಾವ ಮಗುವಿಗೆ ಆಡುವ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅದೇ ಎಲ್ಲರಿಗಿಂತ ಮೊದಲು ಕೂರುತ್ತದೆ. ಔಟ್ ಆದವರು ಬೇವಿನ ಮರ ಮುಟ್ಟಿ ಬಂದು ಮತ್ತೆ ಸೇರಿಕೊಳ್ಳಲಿ, ಇಷ್ಟೇ. ಲಗೋರಿಯಲ್ಲಿ ಏಳು ಕಲ್ಲಿನ ಬದಲು ಅಗಲವಾದ ನಾಲ್ಕು ಹಂಚಿನ ಚೂರು, ರಬ್ಬರ್ ಚೆಂಡಿನ ಬದಲು ಹಳೆಯ ಬಟ್ಟೆ ಸುತ್ತಿದ ಚೆಂಡು, ಗೆರೆಯಿಂದ ನಾಲ್ಕೈದು ಹೆಜ್ಜೆ ದೂರ. ಮೈಗೆ ಗುರಿಯಿಟ್ಟು ಹೊಡೆಯುವ ಭಾಗವನ್ನು ಬಿಟ್ಟು ಕಲ್ಲು ಜೋಡಿಸುವುದನ್ನೇ ಆಟ ಮಾಡಿ. ಆರು ವರ್ಷದ ಮಗುವಿಗೆ ದೂರದಿಂದ ಬರುವ ಸಣ್ಣ ಚೆಂಡನ್ನು ಹಿಡಿಯುವುದು ಕಷ್ಟ, ದೊಡ್ಡ ಚೆಂಡು ಉರುಳಿ ಬಂದರೆ ಸಲೀಸು. ಕುಂಟೆಬಿಲ್ಲೆಯ ಮನೆಗಳನ್ನು ಚಿಕ್ಕ ಹೆಜ್ಜೆಗೆ ತಕ್ಕಂತೆ ಬರೆಯಬೇಕು, ದಣಿದರೆ ಎರಡೂ ಕಾಲು ಊರಲು ನಡುವೆ ಒಂದು ಮನೆ ಇರಬೇಕು. ಟೋಪಿ ಆಟ, ಹುಲಿ-ಕುರಿ, ಕಣ್ಣಾಮುಚ್ಚಾಲೆ ಎಲ್ಲವೂ ಒಳ್ಳೆಯವೇ. ಚಿಣಿಪಣಿ (ಚಿನ್ನಿದಾಂಡು) ಮಾತ್ರ ಬೇಡ, ಹಾರುವ ಚಿಣಿ ಕಣ್ಣಿಗೆ ಬಡಿಯುತ್ತದೆ. ಬುಗುರಿಯೂ ಬೇಡ. ಕಬಡ್ಡಿಯಲ್ಲಿ ದೊಡ್ಡವರನ್ನೂ ಚಿಕ್ಕವರನ್ನೂ ಎಂದಿಗೂ ಬೆರೆಸಬೇಡಿ. ಇಪ್ಪತ್ತು ಕಿಲೋ ತೂಕದ ಮಗುವಿನ ಮೇಲೆ ನಲವತ್ತು ಕಿಲೋ ಬಿದ್ದರೆ ಪ್ರೀತಿಯಿಂದ ಬಿದ್ದರೂ ಮೂಳೆ ಮುರಿಯುತ್ತದೆ.

ಬಯಲನ್ನು ಹಂಚುವುದು ನಿಮ್ಮ ಕೆಲಸ, ಮಕ್ಕಳಿಗೆ ಬಿಡಬೇಡಿ, ಬಿಟ್ಟರೆ ಗಟ್ಟಿಗರದೇ ರಾಜ್ಯ. ನೆರಳಿರುವ ಭಾಗಕ್ಕೆ ಸುಣ್ಣದ ಪುಡಿಯಿಂದ ಗೆರೆ ಹಾಕಿ, ಊಟವಾದ ಮೇಲಿನ ಇಪ್ಪತ್ತು ನಿಮಿಷ ಅದು ಚಿಕ್ಕವರದು ಎಂದು ಘೋಷಿಸಿ. ಕ್ರಿಕೆಟ್ ಬ್ಯಾಟು ಆ ಗೆರೆಗೆ ಬೆನ್ನು ಮಾಡಿ ನಿಲ್ಲಲಿ. ಬಿಸಿಯೂಟದ ಅಡುಗೆಮನೆಯಿಂದ ಆ ಜಾಗ ದೂರವಿರಲಿ. ಉಂಡ ಕೂಡಲೇ ಓಟದ ಆಟ ಬೇಡ, ಮೊದಲ ಹತ್ತು ನಿಮಿಷ ಕಥೆಯೋ ಕೈ ಆಟವೋ ನಡೆಯಲಿ. ಬರಿಗಾಲಲ್ಲಿ ಆಡುವ ಮಕ್ಕಳೇ ಹೆಚ್ಚಿರುವುದರಿಂದ ಮುಳ್ಳಿನ ಮೇಲೆ ಕಣ್ಣಿಡಬೇಕು. ಬಳ್ಳಾರಿ ಜಾಲಿ ಎಂದು ನಾಡೆಲ್ಲ ಕರೆಯುವ ಗಿಡ ನಮ್ಮ ಶಾಲೆಗಳ ಕಂಪೌಂಡಿನ ಬದಿಯಲ್ಲೆಲ್ಲ ಬೆಳೆದಿದೆ. ಅದರ ಮುಳ್ಳು ಒಣಗಿ ಮಣ್ಣಿನಲ್ಲಿ ಹುದುಗಿದ್ದರೆ ಕಾಣುವುದಿಲ್ಲ, ತುಳಿದರೆ ಆಳಕ್ಕೆ ಇಳಿಯುತ್ತದೆ. ಎಸ್‌ಡಿಎಂಸಿಯವರಿಂದ ನೆರವು ಕೇಳುವುದಿದ್ದರೆ ಹಣಕ್ಕಿಂತ ಮೊದಲು ವರ್ಷಕ್ಕೆರಡು ಸಲ ಬಯಲು ಸ್ವಚ್ಛ ಮಾಡುವ ಶ್ರಮದಾನ ಕೇಳಿ. ಎರೆ ನೆಲದ ಊರಾದರೆ ಮಳೆಗಾಲದಲ್ಲಿ ಕಾಲು ಹೂಳುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕು ಪಾದ ತಿರುಚುತ್ತದೆ. ಒಂದು ಟ್ರ್ಯಾಕ್ಟರ್ ಮರಳು ಮಿಶ್ರಿತ ಮಸಾರಿ ಮಣ್ಣು ಹಾಕಿಸಿದರೆ ಚಿಕ್ಕವರ ಜಾಗಕ್ಕೆ ಸಾಕಾಗುತ್ತದೆ.

ಶಿವರಾತ್ರಿ ದಾಟಿದ ಮೇಲೆ ನಮ್ಮ ಸೀಮೆಯ ನಡುಹಗಲು ಓಡುವ ಹೊತ್ತಲ್ಲ. ಆಗ ವರಾಂಡದಲ್ಲಿ ಕೂತಾಡುವ ಆಟಗಳು ಬರಲಿ: ಹುಣಸೆ ಬೀಜದ ಅಳಗುಳಿಮಣೆ, ಕವಡೆಯ ಚೌಕಾಬಾರ, ಐದು ಕಲ್ಲಿನ ಆಟ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಏಳೇಳರ ಎರಡು ಸಾಲು ವೃತ್ತ ಬರೆದರಾಯಿತು. ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಮುಂದಿನ ಪ್ರವಾಸದಲ್ಲಿ ನಿಮ್ಮ ಆಟದ ಅಕ್ಕ-ಅಣ್ಣಂದಿರಿಗೆ ತೋರಿಸಿ, ತಾವು ಆಡಿಸುವ ಆಟ ಎಷ್ಟು ಹಳೆಯದೆಂದು ತಿಳಿದಾಗ ಅವರ ಮುಖ ನೋಡಬೇಕು.

ದರ್ಪದ ಪ್ರಶ್ನೆಗೆ ಬರುತ್ತೇನೆ. ಆಡಿಸುವವರಿಗೆ ಶಿಕ್ಷಿಸುವ ಅಧಿಕಾರ ಇಲ್ಲವೇ ಇಲ್ಲ ಎಂದು ದೊಡ್ಡವರಿಗೂ ಚಿಕ್ಕವರಿಗೂ ಒಟ್ಟಿಗೆ ನಿಲ್ಲಿಸಿ ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಿಕ್ಷಕರಿಗೇ ಇಲ್ಲದ ಅಧಿಕಾರ ಏಳನೆಯ ತರಗತಿಯ ಮಗುವಿಗೆ ಎಲ್ಲಿಂದ ಬರಬೇಕು? ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, "ನಾಳೆಯಿಂದ ಆಟಕ್ಕ ಸೇರ್ಸಂಗಿಲ್ಲ" ಎಂದು ಹೆದರಿಸುವುದು, ಎಲ್ಲವೂ ಅದರಲ್ಲೇ ಬರುತ್ತವೆ. ದರ್ಪ ಸಾಮಾನ್ಯವಾಗಿ ಹೊಡೆತದಿಂದ ಶುರುವಾಗುವುದಿಲ್ಲ. ಚಿಕ್ಕ ಮಗು ಅಣ್ಣನ ತಟ್ಟೆ ತೊಳೆಯುತ್ತದೆ, ಅಣ್ಣನಿಗೆ ನೀರು ತರುತ್ತದೆ, ಅಣ್ಣನ ಚೀಲ ಹೊರುತ್ತದೆ. ಇದು ಕಂಡ ದಿನವೇ ಮಾತಾಡಿ, ಎಲ್ಲರೆದುರು ಅಲ್ಲ, ಒಬ್ಬನನ್ನೇ ಕರೆದು. ಪ್ರತಿ ಶನಿವಾರ ಹತ್ತು ನಿಮಿಷ ಆಡಿಸುವವರನ್ನು ಕೂರಿಸಿಕೊಂಡು, ಈ ವಾರ ಯಾರು ಆಟಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಿ. ನಲಿ-ಕಲಿ ಶಿಕ್ಷಕರು ಚಿಕ್ಕವರನ್ನೂ ಬೇರೆಯಾಗಿ ಕೇಳಲಿ. ಮಕ್ಕಳು ಸುಳ್ಳು ಹೇಳುವುದು ಕಡಿಮೆ, ಆದರೆ ಕೇಳದೆ ಹೇಳುವುದೂ ಕಡಿಮೆ.

ಪೆಟ್ಟಿನ ಹೊಣೆಯ ಬಗ್ಗೆ ನನ್ನ ಉತ್ತರ ಮೊದಲ ಗೆರೆಯಲ್ಲೇ ಇದೆ: ಹೊಣೆ ಶಾಲೆಯದು, ಶಿಕ್ಷಕರದು. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳು ಚಿಕ್ಕವರಿಗೆ ಆಟ ಆಡಿಸುವುದು ಸಾಮಾನ್ಯ, ಆದರೆ ಅಲ್ಲಿ ಊಟದ ಹೊತ್ತಿನಲ್ಲಿ ಬಯಲು ಕಾಯಲೆಂದೇ ನೇಮಕವಾದ ದೊಡ್ಡವರಿರುತ್ತಾರೆ. ನಮ್ಮಲ್ಲಿ ಅಂಥ ಹುದ್ದೆಯಿಲ್ಲ. ಬಿಸಿಯೂಟ ಬಡಿಸಿ ಮುಗಿಸುವಷ್ಟರಲ್ಲಿ ಶಿಕ್ಷಕರೂ ದಣಿದಿರುತ್ತಾರೆ. ಆದರೂ ಆರು ಜನರಲ್ಲಿ ಒಬ್ಬರು, ಸರದಿಯ ಪ್ರಕಾರ, ಆ ಇಪ್ಪತ್ತು ನಿಮಿಷ ಬಯಲಿನಲ್ಲಿ ಕುರ್ಚಿ ಹಾಕಿಕೊಂಡಾದರೂ ಇರಲೇಬೇಕು. ಅದು ಸಾಧ್ಯವಿಲ್ಲದ ದಿನ ಆಡಿಸುವುದೂ ಬೇಡ. ಆಡಿಸುವ ಮಕ್ಕಳಿಗೆ ಒಂದೇ ಪಾಠ ಹೇಳಿಕೊಡಿ: ಯಾರಿಗಾದರೂ ಪೆಟ್ಟಾದರೆ ಆಟ ನಿಲ್ಲಿಸುವುದು, ಒಬ್ಬರು ಮಗುವಿನ ಹತ್ತಿರ ಕೂರುವುದು, ಇನ್ನೊಬ್ಬರು ಶಿಕ್ಷಕರ ಹತ್ತಿರ ಓಡುವುದು. ಎತ್ತಿಕೊಂಡು ಓಡಬಾರದು, ಮದ್ದು ಹಚ್ಚಬಾರದು, ಮುಚ್ಚಿಡಬಾರದು. ಚಿಕ್ಕವರನ್ನು ಶೌಚಾಲಯಕ್ಕೋ ಗೇಟಿನ ಹೊರಗೋ ಕರೆದೊಯ್ಯುವ ಕೆಲಸ ಎಂದಿಗೂ ಅವರಿಗೆ ಬೇಡ. ಆಮೇಲೆ ಅವರನ್ನು "ನೀನಿದ್ದೂ ಹಿಂಗಾತಲ್ಲ" ಎಂದು ಬೈಯಬೇಡಿ. ಹಾಗೆ ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಪೆಟ್ಟನ್ನು ಮುಚ್ಚಿಡುತ್ತದೆ.

ಆರಂಭ ಚಿಕ್ಕದಾಗಿರಲಿ. ಮೊದಲ ಎರಡು ವಾರ ಒಂದನೆಯ ತರಗತಿ ಮಾತ್ರ, ನಾಲ್ವರು ಆಡಿಸುವವರು, ಕೆರೆ-ದಡ ಮತ್ತು ಟೋಪಿ ಆಟ ಎರಡೇ. ಅದು ಹಿಡಿದ ಮೇಲೆ ಎರಡನೆಯ ತರಗತಿ. ಆಡಿಸುವವರಲ್ಲಿ ಅರ್ಧ ಆರನೆಯ ತರಗತಿಯವರಿರಲಿ, ಏಕೆಂದರೆ ಏಳನೆಯವರು ಬೇಸಿಗೆಯಲ್ಲಿ ಶಾಲೆ ಬಿಟ್ಟು ಹೋಗುತ್ತಾರೆ, ಅವರ ಜೊತೆ ಕಲಿತದ್ದೆಲ್ಲ ಹೊರಟುಹೋಗುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆಗೆ ಮೊದಲು ನೂರು ಪುಟದ ಒಂದು ನೋಟ್‌ಬುಕ್ ಅವರ ಕೈಗೆ ಕೊಟ್ಟು, ತಾವು ಆಡಿಸಿದ ಆಟಗಳನ್ನೂ ಯಾವ ಮಗುವಿಗೆ ಏನು ಇಷ್ಟ ಎಂಬುದನ್ನೂ ತಮ್ಮ ಮಾತಿನಲ್ಲೇ ಬರೆದಿಡಲು ಹೇಳಿ. ಜೂನ್‌ನಲ್ಲಿ ಬರುವ ಹೊಸ ಅಕ್ಕ-ಅಣ್ಣಂದಿರಿಗೆ ಆ ಪುಸ್ತಕ ಕೊಟ್ಟು ಮೊದಲ ಶನಿವಾರದ ತರಬೇತಿ ಶುರು ಮಾಡಿ.